ಮೂಗಿನ ಉಸಿರು

ಒಳಗಿನಿಂದ ಗಂಡನ ನಗು ಕೇಳಿ ಉಜೋಮಾಕ ಬಾಗಿಲಲ್ಲೇ ನಿಂತಳು. ಹಾಸಿಗೆ ಹಿಡಿದ ಮೇಲೆ ಚಿಲಾಕ ನಕ್ಕಿದ್ದೇ ಇರಲಿಲ್ಲ. ಹುಟ್ಟೂರು ಎಂಬೈಸೆಯಿಂದ ತನ್ನನ್ನು ನೋಡಲು ಬಂದ ಅಕ್ಕನ ಜೊತೆ ಇಗ್ಬೊ ಭಾಷೆಯಲ್ಲಿ, ತನ್ನೂರಿನ ಧಾಟಿಯಲ್ಲೇ ಹರಟುತ್ತಿದ್ದ. ಮಾತುಮಾತಿಗೂ ಮೂಗಿನಲ್ಲಿ ಉಸಿರು ಹಾಯುವ ಇಗ್ಬೊ. ಮದುವೆಯಾದ ಹೊಸತರಲ್ಲಿ, ಒನಿಟ್ಷಾದ ತನ್ನ ತವರಿನವರೆದುರು, "ನಿಮ್ಮೂರಲ್ಲಿ ಎಲ್ಲರಿಗೂ ನೆಗಡಿಯಾ?" ಎಂದು ಅವಳು ನಕ್ಕಿದ್ದಳು. ಆಮೇಲೆ ಆ ಉಸಿರು ಈ ಮನೆಯಲ್ಲಿ ಕೇಳಿಸಿರಲಿಲ್ಲ.

ಮೆಣಸಿನ ಸಾರಿನ ಬಟ್ಟಲು ಹಿಡಿದು ಅವಳು ಒಳಬಂದಳು. ಅವನ ಮಾತು ನಿಂತಿತು. ಅಂಗೈಯಿಂದ ಬಾಯಿ ಒರೆಸಿಕೊಂಡು, ರೇಡಿಯೊದವರಂತೆ ನಯವಾಗಿ, "ಬಾ, ಕೂತ್ಕೋ" ಎಂದ.

"ಅಕ್ಕನ ಹತ್ರ ಮಾತಾಡ್ತಿದ್ರಲ್ಲ, ನನ್ನ ಹತ್ರಾನೂ ಹಾಗೇ ಮಾತಾಡಿ," ಎಂದಳು.

ಅವನು ಅಕ್ಕನ ಮುಖ ನೋಡಿದ, ಇವಳ ಮುಖ ನೋಡಿದ. ನಿಜಕ್ಕೂ ತಿಳಿಯದೆ ಕೇಳಿದ:

"ಹೇಗೆ?"