ಆರದ ಕೆಂಪು ದೀಪ

ಕೆಂಪು ದೀಪ ಆರಲಿಲ್ಲ.

ಪುಟ್ಟರಂಗಯ್ಯ ಆಕ್ಸಿಲರೇಟರ್ ಇನ್ನಷ್ಟು ಒತ್ತಿದ. ಇಂಜಿನ್ ಜೋರಾಗಿಯೇ ಗುರುಗುಟ್ಟಿತು. ಡ್ಯಾಶ್‌ಬೋರ್ಡಿನ ಆ ಪುಟ್ಟ ದೀಪ ಮಾತ್ರ ಉರಿಯುತ್ತಲೇ ಇತ್ತು. ಡೈನಮೋ ಕರೆಂಟು ಕೊಡುತ್ತಿಲ್ಲ ಎಂದು ಅದರ ಅರ್ಥ. ಬ್ಯಾಟರಿಯೋ, ಹಣ್ಣು ಹಣ್ಣು ಮುದಿ. ಡೈನಮೋ ಕೈಕೊಟ್ಟರೆ ಅದು ಎಲೆಯಡಿಕೆ ಹಾಕುವಷ್ಟು ಹೊತ್ತೂ ತಾಳುವುದಿಲ್ಲ.

ಕೆಡುವುದು ಕೆಟ್ಟಿತು, ಇವತ್ತೇ ಕೆಡಬೇಕೆ?

ಒಳಗೆ ಮಗಳು ದೊಡ್ಡಗಂಗಮ್ಮ ಹಲ್ಲು ಕಚ್ಚಿ ನರಳಿದಳು. ಚೊಚ್ಚಲ ಹೆರಿಗೆಗೆಂದು ಕುಣಿಗಲ್ಲಿನಿಂದ ಸಿ.ಎಸ್. ಪುರದ ತವರಿಗೆ ಬಂದವಳು. ಬೆಳಿಗ್ಗೆ ಹಿಡಿದ ನೋವು ಇಳಿಹೊತ್ತಾದರೂ ಬಿಟ್ಟಿರಲಿಲ್ಲ.

ಗುಬ್ಬಿಯಿಂದ ಕರೆಸಿದ್ದ ನರ್ಸ್ ಸರಸ್ವತಮ್ಮ ಜಗಲಿಗೆ ಬಂದರು. ಮುಖದಲ್ಲಿ ಗೆಲುವಿರಲಿಲ್ಲ.

"ಮಗು ತಿರುಗಿಲ್ಲ ಪುಟ್ಟರಂಗಯ್ಯನೋರೇ, ಕಾಲು ಮುಂದಾಗಿದೆ. ಕತ್ತಲಾಗೋದ್ರೊಳಗೆ ಆ ಕಾರನ್ನ ಸರಿ ಮಾಡಿ. ಕತ್ತಲಾದ್ಮೇಲೆ ನನ್ನ ಕೈಲಿ ಏನೂ ಆಗಲ್ಲ."

"ಮಾಡ್ತೀನಿ ತಾಯಿ."

ಅಂಗಳದಲ್ಲಿ ಶತಪಥ ಹಾಕುತ್ತಿದ್ದ ಅಳಿಯ ನರಸಯ್ಯನ ತಾಳ್ಮೆ ಹಾರಿತು. "ಮಾವ, ಈ ಒಕ್ಕಣ್ಣಿನ ಡಬ್ಬ ನಂಬ್ಕಂಡು ಕೂತ್ರೆ ಕೆಟ್ವಿ. ಗಾಡಿ ಕಟ್ತೀನಿ, ತುಮಕೂರು ಆಸ್ಪತ್ರೆಗೆ ಹೊಡ್ಕಂಡು ಹೋಗನ."

"ಈ ಸ್ಥಿತೀಲಿ ಗಾಡೀಲಿ ಕುಲುಕಿಸಿದ್ರೆ ಇಬ್ಬರೂ ಉಳಿಯಲ್ಲ," ಎಂದು ಸರಸ್ವತಮ್ಮ ಒಳಗೆ ನಡೆದರು.

ಒಕ್ಕಣ್ಣು ಎಂದದ್ದೇನೂ ಸುಳ್ಳಲ್ಲ. ಕಾರಿನ ಬಲಗಡೆ ಹೆಡ್‌ಲೈಟ್ ಇರಬೇಕಾದ ಕಡೆ ಬರೀ ಗುಳಿಯಿತ್ತು. ಏಕೀಕರಣವಾದ ಮರುವರ್ಷ, ಮಗಳು ಬಸುರಿ ಎಂಬ ಸುದ್ದಿ ಬಂದ ವಾರದಲ್ಲೇ, ಪುಟ್ಟರಂಗಯ್ಯ ಆ ಕಾರನ್ನು ತುಮಕೂರಿನ ಯಾರದೋ ಹಿತ್ತಲಿನಿಂದ ಎತ್ತಿನ ಗಾಡಿಯ ಮೇಲೆ ಹೇರಿಸಿ ತಂದಿದ್ದ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. "ಬಸ್ಸಿನ ಕೆಲ್ಸ ಬುಟ್ರೂ ಸ್ಟೇರಿಂಗ್ ಚಟ ಬುಡ್ನಿಲ್ವಲ್ಲೋ ಪುಟ್ರಂಗ!" ಎಂದು ನೆರೆಮನೆಯ ಚಿಕ್ಕಬೋರಯ್ಯ ಛೇಡಿಸಿದ್ದ. ನಗುವವರಿಗೇನು, ಗಂಟು ಹೋಗುತ್ತದೆಯೇ? ಪುಟ್ಟರಂಗಯ್ಯ ಮಾತ್ರ ಸ್ಪ್ಯಾನರ್ ಹಿಡಿದು ಬಾನೆಟ್ಟಿನೊಳಗೆ ತಲೆ ತೂರಿಸಿದ್ದ.

ಹೆಂಡತಿ ಹನುಮಕ್ಕ ಇದೇ ಮನೆಯಲ್ಲಿ, ಈ ಗಂಗಮ್ಮನನ್ನು ಹೆತ್ತ ರಾತ್ರಿಯೇ ತೀರಿಕೊಂಡಿದ್ದಳು. ಅವನಾಗ ಕುಣಿಗಲ್ಲಿನಲ್ಲಿ, ಕೊನೆಯ ಟ್ರಿಪ್ಪು ಮುಗಿಸಿ ಬಸ್ಸಿನೊಳಗೇ ಮಲಗಿದ್ದ. ಸೀಮೆಯ ಜನರನ್ನೆಲ್ಲ ಅವರವರ ಊರು ಮುಟ್ಟಿಸಿದವನು ಕಟ್ಟಿಕೊಂಡವಳ ಹೊತ್ತಿಗೆ ಒದಗಲಿಲ್ಲ. ಆ ಸಂಕಟ ಇನ್ನೂ ಹಸಿಯಾಗಿಯೇ ಇತ್ತು. ಮಗಳಿಗೂ ಹಾಗೆಯೇ ಆದರೆ ತಾನು ಬದುಕಿದ್ದೂ ದಂಡ ಎಂದುಕೊಂಡ.

ಬಾನೆಟ್ಟು ಎತ್ತಿದ. ಬೆಲ್ಟು ಬಿಗಿಯಾಗಿತ್ತು. ಫ್ಯಾನು ತಿರುಗುತ್ತಿತ್ತು, ಡೈನಮೋದ ಪುಲಿಯೂ ತಿರುಗುತ್ತಿತ್ತು. ಹಾಗಾದರೆ ಕರೆಂಟೆಲ್ಲಿ?

ಇಂಜಿನ್ ನಿಲ್ಲಿಸಿ, ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದ. ಪುಲಿಯ ಅಂಚಿಗೊಂದು ಬೊಟ್ಟು, ನಡುವಿನ ಶಾಫ್ಟಿನ ತುದಿಗೊಂದು ಬೊಟ್ಟು ಇಟ್ಟ. ನರಸಯ್ಯನಿಂದ ಹ್ಯಾಂಡಲ್ ಹಾಕಿಸಿ ಇಂಜಿನ್ ಮತ್ತೆ ಎಬ್ಬಿಸಿದ. ಅಂಚಿನ ಬೊಟ್ಟು ಬಿಳಿ ಬಳೆಯಾಗಿ ಸುತ್ತಿತು. ನಡುವಿನದು ಇಟ್ಟಲ್ಲೇ ಇತ್ತು.

"ಸಿಕ್ತು! ಪುಲಿ ಸುತ್ತುತೈತೆ, ಶಾಫ್ಟು ನಿಂತೈತೆ. ಎರಡನ್ನೂ ಹಿಡಿದಿರೋ ಕೀ ಮುರಿದೈತೆ."

ಇಂಜಿನ್ ಆರಿಸಿ, ನಟ್ಟು ಬಿಚ್ಚಿ ಪುಲಿ ಕಳಚಿದ. ಅರ್ಧಚಂದ್ರದಂಥ ಉಕ್ಕಿನ ಚೂರು ಎರಡು ಹೋಳಾಗಿ ಅಂಗೈಗೆ ಉದುರಿತು. ಹೊಸದಕ್ಕೆ ತುಮಕೂರಿಗೇ ಹೋಗಬೇಕು. ಹೊತ್ತೆಲ್ಲಿದೆ? ಕೊಟ್ಟಿಗೆಯ ಸೂರಿನಿಂದ ಎತ್ತಿನ ಹಳೆಯ ಲಾಳವೊಂದನ್ನು ಎಳೆದ. ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಅರದಿಂದ ತೀಡತೊಡಗಿದ.

ಒಳಗಿನ ನರಳಿಕೆ ಚೀರಾಟವಾಯಿತು. ಅರ ಜಾರಿ ಬೆರಳು ಸೀಳಿತು. ತೀಡಿದ ಚೂರು ಇನ್ನೂ ದಪ್ಪವೇ ಇತ್ತು. ಮತ್ತೆ ತೀಡಿದ. ಶಾಫ್ಟಿನ ಸೀಳಿಗೆ ಕೂರಿಸುವಾಗ ರಕ್ತದ ಕೈಯಿಂದ ಜಾರಿ ದೂಳಿನಲ್ಲಿ ಮಾಯವಾಯಿತು.

"ಹುಡ್ಕಪ್ಪ ನರಸಯ್ಯ, ನಿನ್ನ ದಮ್ಮಯ್ಯ!"

ಮಾವ ಅಳಿಯ ಇಬ್ಬರೂ ಮಂಡಿಯೂರಿ ನೆಲ ತಡಕಿದರು. ಸೂರ್ಯ ತೆಂಗಿನ ಸಾಲಿನ ಹಿಂದೆ ಇಳಿದಿದ್ದ. ಮೊಟ್ಟೆಯಿಡಲು ಕಾರಿನಡಿ ಕೂತಿದ್ದ ಕೋಳಿ ಕೊಕ್ಕೊಕ್ಕೋ ಎನ್ನುತ್ತ ಓಡಿತು. ಅದು ಕೂತಿದ್ದಲ್ಲೇ ಚೂರು ಸಿಕ್ಕಿತು.

ಈ ಸಲ ಚೂರು ಗಪ್ಪಂತ ಕೂತಿತು. ಪುಲಿ ಏರಿತು. ನಟ್ಟು ಬಿಗಿಯಿತು. ನರಸಯ್ಯ ಹ್ಯಾಂಡಲ್ ತಿರುಗಿಸಿದ. ಇಂಜಿನ್ ಕೆಮ್ಮಿತು, ನಿಂತಿತು. ಮತ್ತೆ ತಿರುಗಿಸಿದ. ಹೊತ್ತಿಕೊಂಡಿತು.

ಕೆಂಪು ದೀಪ ಮಿಣುಕಿತು. ಆರಿತು.

"ಸರಸ್ವತಮ್ಮೋರಿಗೆ ಹೇಳು ಹೋಗು, ರೆಡಿ ಅಂತ!"

ನರಸಯ್ಯ ಒಳಗೆ ಓಡಿದ. ಪುಟ್ಟರಂಗಯ್ಯ ಸ್ಟೇರಿಂಗ್ ಮುಂದೆ ಕೂತು, ಒಂದು ಕಾಲು ಆಕ್ಸಿಲರೇಟರ್ ಮೇಲಿಟ್ಟು, ಸ್ವಿಚ್ಚು ಎಳೆದ. ಸುತ್ತ ಕತ್ತಲು ಮುತ್ತಿತು. ಯಾರೂ ಗಂಗಮ್ಮನನ್ನು ಹೊರಗೆ ಎತ್ತಿ ತರಲಿಲ್ಲ. ಅವನೂ ಕೂಗಿ ಕರೆಯಲಿಲ್ಲ. ಕಾಲು ಮರಗಟ್ಟಿದರೂ ಕದಲಿಸದೆ, ಒಳಕೋಣೆಯ ಕಿಟಕಿಯನ್ನೇ ನೋಡುತ್ತ ಕೂತ.

ಕೊನೆಗೆ ಒಂದು ಎಳೆಯ ಅಳು ಕೇಳಿತು. ತುಂಬ ಹೊತ್ತಿನ ಮೇಲೆ ಸರಸ್ವತಮ್ಮ ಬಂದರು.

"ಗಂಡು ಮಗು. ಗಂಗಮ್ಮಂಗೆ ರಕ್ತ ಹರಿಯೋಕೆ ಹತ್ತಿತ್ತು. ಕಣ್ಣಿಗೆ ಬಿತ್ತು, ನಿಲ್ಲಿಸಿದೆ. ಇಬ್ಬರೂ ಚೆನ್ನಾಗಿದಾರೆ."

ಪುಟ್ಟರಂಗಯ್ಯ ಸ್ಟೇರಿಂಗಿಗೆ ಹಣೆಯಿಟ್ಟು ಗಳಗಳ ಅತ್ತ. ಹನುಮಕ್ಕನ ರಕ್ತ ಹರಿದದ್ದು ಬುಡ್ಡಿ ದೀಪದ ಮಬ್ಬಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಊರಿಗಿದ್ದ ಒಂದೇ ಗ್ಯಾಸ್‌ಲೈಟು ಆ ರಾತ್ರಿ ಯಾರದೋ ಮದುವೆಗೆ ಹೋಗಿತ್ತು.

ಇಂದು ಆ ಕೋಣೆಯ ತೊಲೆಗೆ ಕಟ್ಟಿದ್ದ ಕಾರಿನ ಬಲಗಣ್ಣು ಹಗಲಿನಂತೆ ಬೆಳಗುತ್ತಿತ್ತು. ಅದರ ತಂತಿ ಕಿಟಕಿ ದಾಟಿ ಅಂಗಳಕ್ಕೆ ಬಂದು ಸೇರಿದ್ದ ಕಾರು, ಒಂದು ಚಕ್ರವೂ ಇಲ್ಲದೆ, ನಾಲ್ಕು ಸೈಜುಗಲ್ಲುಗಳ ಮೇಲೆ ಕೂತಿತ್ತು.