ಬಾಗಿಲಿಗೆ ಕಲಿಸಿದ ನಡಿಗೆ

ಕಾಲನಿಯ ಹೆಬ್ಬಾಗಿಲು ವೈರಿಗಳನ್ನು ನಡಿಗೆಯಿಂದಲೇ ಗುರುತಿಸುತ್ತಿತ್ತು. ದಿನಾ ಬೆಳಿಗ್ಗೆ ಹೊಸ ವೈರಿಗಳ ಪಟ್ಟಿ ಬರುತ್ತಿತ್ತು. ಯಾರ ದೂರಿನ ಮೇಲೆ ಯಾರ ಹೆಸರು ಬಂತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಪಟ್ಟಿಯಲ್ಲಿದ್ದವರಂತೆಯೇ ನಡೆದು ತೋರಿಸಿ ಬಾಗಿಲಿಗೆ ಕಲಿಸುವುದು ನೀಲಾಂಬಿಕೆಯ ನೌಕರಿ. ಬಾಗಿಲು ತಾನಾಗಿ ಮುಚ್ಚಿಕೊಂಡರೆ ಕಲಿತಿತೆಂದು ಅರ್ಥ. ಒಬ್ಬೊಬ್ಬರಿಗಾಗಿ ಹತ್ತಿಪ್ಪತ್ತು ಸಲ ಓಡಾಡಿ ಅವಳ ಮೊಣಕಾಲು ಸವೆದುಹೋಗಿತ್ತು. ಒಂದು ದಿನ ತಪ್ಪಿದರೂ ಹೊಸ ವೈರಿ ನೆಟ್ಟಗೆ ಒಳಗೆ ಬರುತ್ತಿದ್ದ.

ಇವತ್ತಿನ ಪಟ್ಟಿಯಲ್ಲಿ ಒಂದೇ ಹೆಸರು: ಅವಳ ಗಂಡ ಮಡಿವಾಳಪ್ಪ. ಅವನು ಹೊರಗೆ ಚಹಾ ಕುಡಿಯಲು ಹೋಗಿದ್ದ.

ಕಾಲನಿಯ ಅಧ್ಯಕ್ಷ ಸಿದ್ರಾಮಪ್ಪ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತ. "ಗಂಡ ಅಂತ ಬೇಕಂತ ತಪ್ಪ ನಡದೀ ಅಂದ್ರ, ನಾಳೆ ಪಟ್ಟ್ಯಾಗ ನೀನೂ ಇರ್ತಿ," ಎಂದ.

ನೀಲಾಂಬಿಕೆ ಸೆರಗು ಸಿಕ್ಕಿಸಿ, ಎಡಹೆಗಲು ಇಳಿಬಿಟ್ಟು, ಹಿಮ್ಮಡಿ ಬಡಿಯುತ್ತ ಹೊರಟಳು. ದಿನಾ ಸಂಜೆ ಆ ಸಪ್ಪಳ ಕೇಳಿದೊಡನೆ ಅವಳ ಮಕ್ಕಳು ಮಂಚದ ಕೆಳಗೆ ಸೇರುತ್ತಿದ್ದರು.

ಮೂರನೆಯ ಹೆಜ್ಜೆಗೇ ಬಾಗಿಲು ಧಡಾರನೆ ಮುಚ್ಚಿತು.

"ಇಷ್ಟ ಜಲ್ದಿ ಕಲೀತೇನು?" ಸಿದ್ರಾಮಪ್ಪ ಎದ್ದು ನಿಂತ.

"ನಾನು ಕಲ್ತು ಹದಿನಾಲ್ಕ ವರ್ಷ ಆತ್ರಿ," ನೀಲಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ದೂರು ಕೊಡಾಕ ಧೈರ್ಯ ಬಂದದ್ದು ಮಾತ್ರ ನಿನ್ನೆ."