ಖಾಲಿ ಚೀಟಿ

ಹುಬ್ಬಳ್ಳಿಯಲ್ಲಿ ಗೇಮಿಂಗ್ ಕಂಪ್ಯೂಟರ್ ಕೊಳ್ಳಲು ಬಂದವರು ಮೊದಲು ವೇಗದ ಮಾತು ಎತ್ತುವುದಿಲ್ಲ. "ಒಳಗ ಯಾರರ ಅದಾರೇನ್ರಿ?" ಎಂದೇ ಕೇಳುತ್ತಾರೆ. ಸತ್ತವರ ಆಟದ ಕೈ ಅವರ ಯಂತ್ರದ ಭಾಗಗಳಲ್ಲೇ ಉಳಿದುಬಿಡುತ್ತದೆಂದು ಎಲ್ಲರಿಗೂ ಗೊತ್ತು.

ಶಿವಲೀಲಾ ಎಲ್ಲವನ್ನೂ ಹೊಸದೇ ಆರಿಸಿದಳು: ಮದರ್‌ಬೋರ್ಡು, ನೀರಿನಿಂದ ತಂಪಾಗುವ ಪ್ರೊಸೆಸರು, ಗಾಜಿನ ಕ್ಯಾಬಿನೆಟ್ಟು, ಅಂಗಡಿಯಲ್ಲಿದ್ದದ್ದರಲ್ಲೇ ದೊಡ್ಡ ಗ್ರಾಫಿಕ್ಸ್ ಕಾರ್ಡು. ತಮ್ಮ ಗುರುಪಾದ ತೀರಿಕೊಂಡ ಮೇಲೂ ಮನೆಯ ಹಳೆಯ ಯಂತ್ರದಲ್ಲಿ ಅವನ ಕೈ ಆಟ ನಿಲ್ಲಿಸಿರಲಿಲ್ಲ. ಆಟದೊಳಗಿನ ಪ್ರತಿ ಬಾಗಿಲ ಮುಂದೆ ನಿಲ್ಲುವುದು, ಅಕ್ಕ ಬಂದಳೋ ಇಲ್ಲವೋ ಎಂದು ಹಿಂತಿರುಗಿ ನೋಡುವುದು. ಐದು ತಿಂಗಳು ಅದನ್ನೇ ನೋಡಿ ಅವಳಿಗೆ ಸಾಕಾಗಿತ್ತು.

ಅಂಗಡಿಯ ದಾವಲಸಾಬ ಎಲ್ಲ ಜೋಡಿಸಿ, ಆಟ ಹಚ್ಚಿ, ಪದ್ಧತಿಯಂತೆ ಮೌಸ್ ಮುಟ್ಟದೆ ಐದು ನಿಮಿಷ ಕಾದ. ಪರದೆಯ ಮೇಲಿನ ಸೈನಿಕ ಕಲ್ಲಿನಂತೆ ನಿಂತೇ ಇದ್ದ.

"ಒಂದ್ ನರಪಿಳ್ಳೆನೂ ಇಲ್ರಿ ಅಕ್ಕಾರ," ಎಂದು ಕ್ಯಾಬಿನೆಟ್ಟಿಗೆ 'ಖಾಲಿ' ಎಂಬ ಚೀಟಿ ಅಂಟಿಸಿದ. "ಈಗ ನೀವ ಆಡಿ ನೋಡ್ರಿ."

ಶಿವಲೀಲಾ ಮೌಸ್ ಹಿಡಿದಳು. ಸೈನಿಕ ಓಡಿದ, ಮೆಟ್ಟಿಲು ಹತ್ತಿದ, ಬಾಗಿಲ ಮುಂದೆ ನಿಂತ. ಆಮೇಲೆ ನಿಧಾನವಾಗಿ ಹಿಂತಿರುಗಿ ನೋಡಿದ.

"ಇದ್ರಾಗೂ ಅದಾನ!" ಅವಳು ಚೀರಿದಳು. "ಕಾರ್ಡ್ ಬದಲ್ ಮಾಡ್ರಿ!"

ದಾವಲಸಾಬ ಪರದೆಯನ್ನು ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಮೌಸನ್ನು ತಿರುಗಿಸಿದ ಅವಳ ಬೆರಳುಗಳನ್ನು.

"ಕಾರ್ಡ್ ಬದಲ್ ಮಾಡಿ ಕೊಡ್ತೀನ್ರಿ ಅಕ್ಕಾರ," ಎಂದ ಮೆಲ್ಲಗೆ. "ಕೈ ಎಲ್ಲಿಂದ ತರ್ಲಿ?"